ಸೆಕೆಂಡ್ ಹ್ಯಾಂಡ್ ಪಿಕಪ್ ಕೊಳ್ಳುವ ಮುಂಚೆ: ಎಲ್ಲೆಲ್ಲಿ ನೋಡಬೇಕು, ರಿಪೇರಿಗೆ ಎಷ್ಟು ಬೀಳುತ್ತೆ

ಹಳೇ ಪಿಕಪ್ ನೋಡಲು ಹೋದವರು ಮೊದಲು ಕೇಳುವುದು "ಎಷ್ಟಕ್ಕೆ ಕೊಡ್ತೀರಿ?" ಅಂತ. ಆಮೇಲೆ "ಎಷ್ಟು ಕಿಲೋಮೀಟರ್ ಓಡಿದೆ?" ಅಂತ. ಎರಡೂ ಕೇಳಲೇಬೇಕು. ಆದರೆ ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆ ಇವೆರಡಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ ಇದೆ: ಈ ಗಾಡಿ ಇಲ್ಲಿತನಕ ಏನು ಹೊತ್ತಿದೆ, ಎಷ್ಟು ಹೊತ್ತಿದೆ?

ಒಂದು ಸಣ್ಣ ಲೆಕ್ಕ ಹಾಕೋಣ. ನಮ್ಮ ಕಡೆ ಭತ್ತದ ಚೀಲ ಅಂದರೆ 75 ಕೆಜಿ. 1.7 ಟನ್ ಹೊರುವ ಬೊಲೆರೊ ಪಿಕಪ್‌ಗೆ ಕಂಪನಿ ಹೇಳಿದ ಪ್ರಕಾರ ಸುಮಾರು 22 ಚೀಲ ಹಾಕಬಹುದು. 1.3 ಟನ್ ಗಾಡಿಗೆ 17 ಚೀಲ. ಮುಕ್ಕಾಲು ಟನ್ನಿನ ಟಾಟಾ ಏಸ್‌ಗೆ 10 ಚೀಲ, ಅಷ್ಟೇ. ಈಗ ಸುಗ್ಗಿ ಟೈಮಲ್ಲಿ ಗಂಗಾವತಿ, ಕಾರಟಗಿ, ಸಿಂಧನೂರು ರಸ್ತೆಯಲ್ಲಿ ಮಿಲ್ಲಿನ ಕಡೆ ಹೋಗುವ ಪಿಕಪ್‌ಗಳನ್ನು ನೆನಪು ಮಾಡಿಕೊಳ್ಳಿ. 35 ಚೀಲ ಹೇರಿದರೆ ತೂಕ 2600 ಕೆಜಿ ದಾಟುತ್ತದೆ. ಹೀಗೆ ಎರಡು ಸುಗ್ಗಿ ಕಳೆದ ಗಾಡಿಯ ಮೀಟರ್ ಬರೀ 40 ಸಾವಿರ ಕಿಲೋಮೀಟರ್ ತೋರಿಸಬಹುದು. ಆದರೆ ಅದರ ಸ್ಪ್ರಿಂಗ್, ಕ್ಲಚ್, ಹೌಸಿಂಗ್ (ಹಿಂದಿನ ಆಕ್ಸಲಿನ ಗೇರ್ ಪೆಟ್ಟಿಗೆ) ಲಕ್ಷ ಕಿಲೋಮೀಟರ್ ಓಡಿದ ಗಾಡಿಯದ್ದಕ್ಕಿಂತ ಜಾಸ್ತಿ ಸವೆದಿರುತ್ತವೆ. ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟಿನ ಬಂಡಲ್ ಸಾಗಿಸಿದ ಗಾಡಿ ಒಂದೂವರೆ ಲಕ್ಷ ಓಡಿದ್ದರೂ ಕೆಳಗಡೆ ಗಟ್ಟಿಯಾಗಿರಬಹುದು. ಜಲ್ಲಿ, ಮರಳು, ಕಬ್ಬಿಣದ ರಾಡ್ ಹೊತ್ತ ಗಾಡಿಯಾದರೆ ಎರಡು ಸಲ ಯೋಚಿಸಿ.

ಹಾಗಾಗಿ ಗಾಡಿ ನೋಡಲು ಹೋಗುವಾಗ ಒಂದು ಕಾಗದ, ಒಂದು ಪೆನ್ನು, ಒಂದು ಟಾರ್ಚ್ ಜೊತೆಗಿರಲಿ. ಕಂಡ ಪ್ರತಿ ದೋಷದ ಮುಂದೆ ರಿಪೇರಿ ಖರ್ಚು ಬರೆಯುತ್ತಾ ಹೋಗಿ. ಮಾರುವವರು ಹೇಳಿದ ರೇಟಿಗೆ ಆ ಮೊತ್ತ ಸೇರಿಸಿದರೆ ಗಾಡಿಯ ನಿಜವಾದ ಬೆಲೆ ಸಿಗುತ್ತದೆ. ಇಲ್ಲಿ ಕೊಟ್ಟಿರುವ ಖರ್ಚೆಲ್ಲ ಖಾಸಗಿ ಗ್ಯಾರೇಜಿನ ಅಂದಾಜು, ಸಾಮಾನು ಮತ್ತು ಕೂಲಿ ಎರಡೂ ಸೇರಿ. ಕಂಪನಿ ಸರ್ವಿಸ್ ಸೆಂಟರಿನಲ್ಲಿ ಇದಕ್ಕಿಂತ ಜಾಸ್ತಿಯೇ ಆಗುತ್ತದೆ. ಊರಿಂದ ಊರಿಗೆ, ಮಾಡೆಲ್‌ನಿಂದ ಮಾಡೆಲ್‌ಗೆ ಸ್ವಲ್ಪ ಏರುಪೇರು ಇರುತ್ತದೆ. ನಿಮ್ಮ ಮೆಕ್ಯಾನಿಕ್ ಹತ್ತಿರ ಒಮ್ಮೆ ಕೇಳಿಕೊಳ್ಳಿ.

ಮೊದಲನೇ ಹೆಜ್ಜೆ: ಬೆಳಗ್ಗೆ ಹೋಗಿ, ತಣ್ಣಗಿರುವ ಗಾಡಿ ನೋಡಿ

ಹಿಂದಿನ ದಿನವೇ ಫೋನ್ ಮಾಡಿ ಹೇಳಿಬಿಡಿ: "ಅಣ್ಣಾ, ನಾನು ಬರೋ ತನಕ ಸ್ಟಾರ್ಟ್ ಮಾಡಬೇಡಿ." ಹೋದ ತಕ್ಷಣ ಎಂಜಿನ್ ಮೇಲೆ ಕೈ ಇಟ್ಟು ನೋಡಿ. ಬಿಸಿ ಇದ್ದರೆ ಮುಂಚೆಯೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ ಅಂತ ಅರ್ಥ. ಹಾಗಿದ್ದರೆ ಜಗಳ ಬೇಡ, ಇನ್ನೊಂದು ದಿನ ಬರುತ್ತೇನೆ ಅನ್ನಿ. ಡೀಸೆಲ್ ಎಂಜಿನ್ನಿನ ಎಷ್ಟೋ ದೋಷ ಗೊತ್ತಾಗುವುದು ತಣ್ಣಗಿರುವಾಗ ಮೊದಲ ಸಲ ಸೆಲ್ಫ್ ಹೊಡೆದಾಗ ಮಾತ್ರ.

ಸ್ಟಾರ್ಟ್ ಮಾಡುವ ಮುಂಚೆ ಎರಡು ಕೆಲಸ. ಒಂದು, ರೇಡಿಯೇಟರ್ ಅಥವಾ ಕೂಲೆಂಟ್ ಡಬ್ಬಿಯ ಮುಚ್ಚಳ ತೆಗೆದು ನೋಡಿ. ಇದನ್ನು ಎಂಜಿನ್ ತಣ್ಣಗಿರುವಾಗ ಮಾತ್ರ ಮಾಡಿ, ಬಿಸಿ ಇರುವಾಗ ತೆಗೆದರೆ ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಒಳಗೆ ಹಸಿರು ಅಥವಾ ಗುಲಾಬಿ ಬಣ್ಣದ ಕೂಲೆಂಟ್ ಇದ್ದರೆ ಒಳ್ಳೆಯದು. ತುಕ್ಕಿನ ಕೆಂಪು ನೀರಿದ್ದರೆ ಬೋರ್‌ವೆಲ್ ನೀರು ಹಾಕಿ ಓಡಿಸಿದ್ದಾರೆ ಅಂತ ತಿಳಿಯಿರಿ. ನಮ್ಮ ಕಡೆಯ ಸವಳು ನೀರು ರೇಡಿಯೇಟರಿನ ಸಣ್ಣ ಟ್ಯೂಬುಗಳಲ್ಲಿ ಉಪ್ಪು ಕಟ್ಟಿಸುತ್ತದೆ. ಮಳೆಗಾಲದಲ್ಲಿ ಏನೂ ಗೊತ್ತಾಗುವುದಿಲ್ಲ. ಏಪ್ರಿಲ್‌ನಲ್ಲಿ ಬಿಸಿಲು 40 ಡಿಗ್ರಿ ದಾಟಿದ ಮೇಲೆ, ಲೋಡ್ ಹಾಕಿಕೊಂಡು ಹೋಗುವಾಗ, ಟೆಂಪರೇಚರ್ ಮುಳ್ಳು ಏರುತ್ತದೆ. ರೇಡಿಯೇಟರ್ ಬಿಚ್ಚಿ ಸ್ವಚ್ಛ ಮಾಡಿಸಲು 1,500ರಿಂದ 2,500 ರೂಪಾಯಿ, ಹೊಸದು ಹಾಕಿಸಿದರೆ 5,000ದಿಂದ 9,000. ನೀರಿನ ಮೇಲೆ ಎಣ್ಣೆ ತೇಲುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಕೆಳಗಿನ ಸೀಲ್) ಹೋಗಿರುವ ಸಾಧ್ಯತೆ ಜಾಸ್ತಿ. ಹೆಡ್ ಇಳಿಸಿ, ಲೇತಿನಲ್ಲಿ ಫೇಸಿಂಗ್ ಮಾಡಿಸಿ ಮತ್ತೆ ಕೂರಿಸಲು 12,000ದಿಂದ 20,000 ಆಗುತ್ತದೆ. ಹೆಡ್ಡೇ ಬಿರುಕು ಬಿಟ್ಟಿದ್ದರೆ ಇನ್ನೂ ಮೇಲಕ್ಕೆ ಹೋಗುತ್ತದೆ.

ಎರಡನೆಯದು ಆಯಿಲ್ ಕಡ್ಡಿ. ಆಯಿಲ್ ಕಪ್ಪಗಿದ್ದರೆ ಹೆದರಬೇಡಿ, ಡೀಸೆಲ್ ಗಾಡಿಯಲ್ಲಿ ಅದು ಸಹಜ. ಹಾಲು ಬೆರೆಸಿದ ಕಾಫಿ ಬಣ್ಣ ಇದ್ದರೆ ಆಯಿಲ್ ಒಳಗೆ ನೀರು ಸೇರಿದೆ. ಅಲ್ಲಿಂದಲೇ ಎದ್ದು ಬನ್ನಿ.

ಈಗ ಸ್ಟಾರ್ಟ್ ಮಾಡಲು ಹೇಳಿ ಹಿಂದೆ ಸೈಲೆನ್ಸರ್ ಹತ್ತಿರ ನಿಂತುಕೊಳ್ಳಿ. ಮೊದಲ ಕೆಲವು ಸೆಕೆಂಡ್ ಸ್ವಲ್ಪ ಬಿಳಿ ಹೊಗೆ ಬಂದು ನಿಂತರೆ ತೊಂದರೆ ಇಲ್ಲ. ನಿಲ್ಲದೆ ಬರುತ್ತಿದ್ದು, ಹಸಿ ಡೀಸೆಲ್ ವಾಸನೆ ಹೊಡೆದರೆ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಕೆಲಸ ಇದೆ, ಇಲ್ಲವೇ ಕಂಪ್ರೆಶನ್ ಕಮ್ಮಿಯಾಗಿದೆ. ಕಪ್ಪು ಹೊಗೆ ಬಂದರೆ ಏರ್ ಫಿಲ್ಟರ್ ಕಟ್ಟಿಕೊಂಡಿರಬಹುದು, ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಭಾಗ) ಹೋಸ್ ಹರಿದಿರಬಹುದು, ಇಂಜೆಕ್ಟರ್ ಡೀಸೆಲ್ ಜಾಸ್ತಿ ಬಿಡುತ್ತಿರಬಹುದು. ನೀಲಿ ಹೊಗೆ ಮಾತ್ರ ಕೆಟ್ಟದ್ದು. ಎಂಜಿನ್ ಆಯಿಲ್ ಸುಡುತ್ತಿದೆ ಅಂತ ಅರ್ಥ.

ಹೊಗೆ ಮುಚ್ಚಲು ಕೆಲವರು ದಪ್ಪ ಆಯಿಲ್ ಹಾಕಿ ಇಟ್ಟಿರುತ್ತಾರೆ. ತಣ್ಣಗಿರುವಾಗ ಎಲ್ಲ ಸರಿ ಕಾಣುತ್ತದೆ. ಅದಕ್ಕೇ ಗಾಡಿಯನ್ನು 20 ನಿಮಿಷ ಓಡಿಸಿ, ಚೆನ್ನಾಗಿ ಬಿಸಿಯಾದ ಮೇಲೆ ಈ ಪರೀಕ್ಷೆ ಮಾಡಿ. ಎಂಜಿನ್ ನಿಧಾನಕ್ಕೆ ಓಡುತ್ತಿರಲಿ. ಆಯಿಲ್ ಹಾಕುವ ಮುಚ್ಚಳ ಬಿಚ್ಚಿ, ಅದನ್ನು ಬೋರಲು ಮಾಡಿ ಅದೇ ಬಾಯಿಯ ಮೇಲೆ ಸುಮ್ನೆ ಇಡಿ. ಮುಚ್ಚಳ ಸ್ವಲ್ಪ ನಡುಗುತ್ತಾ ಅಲ್ಲೇ ಕೂತಿದ್ದರೆ ಪಿಸ್ಟನ್ ರಿಂಗ್ ಚೆನ್ನಾಗಿವೆ. ಕುಣಿದು ಕೆಳಗೆ ಬಿದ್ದರೆ, ಆ ಬಾಯಿಂದ ಬುಸುಬುಸು ಅಂತ ಹೊಗೆ ಬಂದರೆ, ರಿಂಗ್ ಮತ್ತು ಬೋರ್ (ಸಿಲಿಂಡರಿನ ಒಳಗೋಡೆ) ಸವೆದಿವೆ. ಗ್ಯಾಸ್ ಪಿಸ್ಟನ್ ದಾಟಿ ಕೆಳಗಿಳಿಯುತ್ತಿದೆ. ಇಂಥ ಗಾಡಿ ಇನ್ನೂ ಆರು ತಿಂಗಳು ಓಡಬಹುದು, ವರ್ಷವೂ ಓಡಬಹುದು. ಆದರೆ ಫುಲ್ ಎಂಜಿನ್ ಕೆಲಸ ನಿಮ್ಮ ತಲೆಗೇ ಬರುತ್ತದೆ. ಎರಡು ಸಿಲಿಂಡರಿನ ಟಾಟಾ ಏಸ್ ಆದರೆ 30,000ದಿಂದ 45,000. ನಾಲ್ಕು ಸಿಲಿಂಡರಿನ ಬೊಲೆರೊ ಪಿಕಪ್ ಆದರೆ 70,000ದಿಂದ ಒಂದು ಲಕ್ಷ ದಾಟಬಹುದು. ಕ್ರ್ಯಾಂಕ್ ಕೂಡ ಗ್ರೈಂಡಿಂಗ್‌ಗೆ ಹೋದರೆ ಮೇಲೆ ಇನ್ನಷ್ಟು.

ಸಂಡೂರು, ತೋರಣಗಲ್ಲು ಕಡೆ ಓಡಿದ ಗಾಡಿಯಾದರೆ ಏರ್ ಫಿಲ್ಟರ್ ಡಬ್ಬಿ ಬಿಚ್ಚಿಸದೆ ಬರಬೇಡಿ. ಫಿಲ್ಟರ್ ಹೊರಗಡೆ ಅದಿರಿನ ಕೆಂಪು ಧೂಳು ಇದ್ದೇ ಇರುತ್ತದೆ, ಅದು ದೋಷವಲ್ಲ. ಫಿಲ್ಟರ್ ತೆಗೆದ ಮೇಲೆ ಎಂಜಿನ್ ಕಡೆ ಹೋಗುವ ಪೈಪಿನೊಳಗೆ ಬೆರಳು ಹಾಕಿ ಒರೆಸಿ. ಬೆರಳಿಗೆ ಕೆಂಪು ಅಂಟಿದರೆ ಧೂಳು ಎಂಜಿನ್ ಒಳಗೆ ಹೋಗಿದೆ. ಆ ಧೂಳು ಟರ್ಬೊ ರೆಕ್ಕೆಯನ್ನೂ ಬೋರನ್ನೂ ಒಟ್ಟಿಗೇ ತಿನ್ನುತ್ತದೆ. ಹೊಸ ಫಿಲ್ಟರ್ ಬೆಲೆ 500ರಿಂದ 900 ರೂಪಾಯಿ. ಅಷ್ಟು ಉಳಿಸಲು ಹೋಗಿ ಎಂಜಿನ್ ಕಳೆದುಕೊಂಡವರನ್ನು ನೋಡಿದರೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ. ಟರ್ಬೊ ರಿಪೇರಿಗೆ 8,000ದಿಂದ 12,000, ಹೊಸದಕ್ಕೆ 20,000ಕ್ಕಿಂತ ಜಾಸ್ತಿ.

ಬಿಎಸ್ ಯಾವುದು ಅಂತ ನೋಡಿ

ಬಿಎಸ್ ಅಂದರೆ ಭಾರತ್ ಸ್ಟೇಜ್, ಗಾಡಿಯ ಹೊಗೆಗೆ ಸರ್ಕಾರ ಇಟ್ಟ ಮಿತಿ. ದೇಶದಾದ್ಯಂತ ಬಿಎಸ್4 ಬಂದದ್ದು 2017ರ ಏಪ್ರಿಲ್ 1ರಿಂದ, ಬಿಎಸ್6 ಬಂದದ್ದು 2020ರ ಏಪ್ರಿಲ್ 1ರಿಂದ. ಇದು ಬರೀ ಕಾಗದದ ಮಾತಲ್ಲ, ರಿಪೇರಿ ಖರ್ಚೇ ಇದರ ಮೇಲೆ ನಿಂತಿದೆ. ಹಳೇ ಬಿಎಸ್3 ಗಾಡಿಗಳನ್ನು ಯಾವ ಹಳ್ಳಿಯ ಮೆಕ್ಯಾನಿಕ್ ಬೇಕಾದರೂ ಬಿಚ್ಚಿ ಜೋಡಿಸುತ್ತಾನೆ. ಎಲ್ಲ ಇಂಜೆಕ್ಟರಿಗೂ ಒಂದೇ ಪೈಪಿನಿಂದ ಜೋರು ಒತ್ತಡದಲ್ಲಿ ಡೀಸೆಲ್ ಕೊಡುವ ಕಾಮನ್ ರೈಲ್ ಎಂಜಿನ್ ಬಂದ ಮೇಲೆ ಇಂಜೆಕ್ಟರ್, ಪಂಪ್ ಕೆಲಸಕ್ಕೆ ಟೆಸ್ಟಿಂಗ್ ಮಷಿನ್ ಇರುವ ಡೀಸೆಲ್ ಪಂಪ್ ಅಂಗಡಿಗೇ ಹೋಗಬೇಕು. ಒಂದು ಇಂಜೆಕ್ಟರ್ ರಿಪೇರಿಗೆ 3,000ದಿಂದ 5,000, ಹೊಸದಕ್ಕೆ 12,000ದಿಂದ 18,000. ನಾಲ್ಕು ಸಿಲಿಂಡರಿಗೆ ನಾಲ್ಕು ಇಂಜೆಕ್ಟರ್, ಲೆಕ್ಕ ನೀವೇ ಹಾಕಿ.

ಬಿಎಸ್6ರಲ್ಲಿ ಸೆನ್ಸರ್‌ಗಳು ಇನ್ನೂ ಜಾಸ್ತಿ. ಕೀ ಆನ್ ಮಾಡಿದಾಗ ಎಂಜಿನ್ ಲೈಟ್ ಹತ್ತಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಆರದೇ ಉಳಿದರೆ ದೋಷ ಇದೆ. ಕೀ ಆನ್ ಮಾಡಿದಾಗ ಹತ್ತದೇ ಇದ್ದರೆ ಬಲ್ಬನ್ನೇ ಕಿತ್ತಿರಬಹುದು, ಅದು ಇನ್ನೂ ಅನುಮಾನದ ವಿಷಯ. 500ರಿಂದ 1,000 ರೂಪಾಯಿ ಕೊಟ್ಟು ಸ್ಕ್ಯಾನರ್ ಹಾಕಿಸಿ. ಮಾರುವವರು ಸ್ಕ್ಯಾನರ್ ಬೇಡ ಅಂದರೆ ನೀವೂ ಗಾಡಿ ಬೇಡ ಅನ್ನಿ.

ಎರಡನೇ ಹೆಜ್ಜೆ: ಗಾಡಿ ಕೆಳಗೆ ಮಲಗಿ

ಬಟ್ಟೆ ಹಾಳಾಗುತ್ತದೆ ಅಂತ ಈ ಕೆಲಸ ಬಿಡಬೇಡಿ. ಗಾಡಿ ಹೊಲದಲ್ಲಿ ಎಷ್ಟು ದುಡಿದಿದೆ ಅಂತ ಮೇಲಿನ ಪೇಂಟ್ ಹೇಳುವುದಿಲ್ಲ, ಕೆಳಗಿನ ಕಬ್ಬಿಣ ಹೇಳುತ್ತದೆ. ಗಾಡಿ ಗೇರಿನಲ್ಲಿರಲಿ, ಹ್ಯಾಂಡ್ ಬ್ರೇಕ್ ಹಾಕಿರಲಿ, ಚಕ್ರಕ್ಕೆ ಕಲ್ಲು ಕೊಟ್ಟಿರಲಿ. ಬರೀ ಜ್ಯಾಕ್ ಮೇಲೆ ಎತ್ತಿದ ಗಾಡಿ ಕೆಳಗೆ ಯಾವತ್ತೂ ಹೋಗಬೇಡಿ.

ಹಿಂದಿನ ಸ್ಪ್ರಿಂಗ್ ಪಟ್ಟಿಗಳಿಂದ ಶುರು ಮಾಡಿ. ಖಾಲಿ ಗಾಡಿಯಲ್ಲಿ ಪಟ್ಟಿ ಕಮಾನಿನಂತೆ ಬಾಗಿರಬೇಕು. ಖಾಲಿ ಇದ್ದಾಗಲೇ ನೆಟ್ಟಗೆ ಚಪ್ಪಟೆಯಾಗಿದ್ದರೆ ಅದು ಓವರ್‌ಲೋಡ್ ಹೊತ್ತ ಗಾಡಿ. ಪಟ್ಟಿಗಳನ್ನು ಎಣಿಸಿ, ಎಡಬಲ ಹೋಲಿಸಿ. ಒಂದು ಕಡೆ ಒಂದು ಪಟ್ಟಿ ಹೆಚ್ಚಿದ್ದರೆ, ಇಲ್ಲವೇ ಎರಡೂ ಕಡೆ ಹೊಸ ಬಣ್ಣದ ಒಂದೊಂದು ಪಟ್ಟಿ ಸೇರಿಸಿದ್ದರೆ, ಜಾಸ್ತಿ ಲೋಡ್ ಹಾಕಲೆಂದೇ ಹಾಗೆ ಮಾಡಿಸಿರುತ್ತಾರೆ. ಟಾರ್ಚ್ ಹಿಡಿದು ಪಟ್ಟಿಗಳ ತುದಿಯಲ್ಲಿ, ನಡುವಿನ ಬೋಲ್ಟ್ ಪಕ್ಕದಲ್ಲಿ ಬಿರುಕು ಹುಡುಕಿ. ಅಡ್ಡಡ್ಡ ತುಕ್ಕಿನ ಗೆರೆ ಕಂಡರೆ ಅಲ್ಲಿ ಪಟ್ಟಿ ಒಡೆದಿದೆ. ಒಂದು ಮೇನ್ ಪಟ್ಟಿ ಬದಲಿಸಲು 2,000ದಿಂದ 3,500, ಎರಡೂ ಕಡೆ ಪೂರ್ತಿ ಸೆಟ್ ಆದರೆ 14,000ದಿಂದ 22,000. ಬುಶ್, ಶ್ಯಾಕಲ್ ಪಿನ್ ಕೆಲಸಕ್ಕೆ 2,000ದಿಂದ 4,000.

ಆಮೇಲೆ ಚಾಸಿಸ್. ಸ್ಪ್ರಿಂಗ್ ಬ್ರ್ಯಾಕೆಟ್ ಕೂತಿರುವ ಜಾಗ, ಕ್ಯಾಬಿನ್ ಹಿಂದಿನ ಜಾಗ, ಇವೆರಡರ ಮೇಲೆ ಕಣ್ಣಿಡಿ. ವೆಲ್ಡಿಂಗ್ ಮಾಡಿ ಪ್ಲೇಟ್ ಹೊದಿಸಿದ್ದರೆ, ಆ ಜಾಗಕ್ಕೆ ಮಾತ್ರ ಹೊಸ ಕಪ್ಪು ಪೇಂಟ್ ಹೊಡೆದಿದ್ದರೆ, ಚಾಸಿಸ್ ಒಮ್ಮೆ ಬಿರುಕು ಬಿಟ್ಟಿದೆ. ಇದಕ್ಕೆ ನಾನು ರಿಪೇರಿ ರೇಟ್ ಹೇಳುವುದಿಲ್ಲ. ಇಂಥ ಗಾಡಿ ಕೊಳ್ಳಲೇಬಾರದು. ಬಾಡಿಯ ತಗಡು ತುಕ್ಕು ಹಿಡಿದಿದ್ದರೆ ಮಾತ್ರ ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಗೊಬ್ಬರದ ಚೀಲ ಸಾಗಿಸಿದ ಗಾಡಿಗಳಲ್ಲಿ ಯೂರಿಯಾ ಬಿದ್ದು ಬೆಡ್ ತಗಡು ಬೇಗ ತುಕ್ಕು ಹಿಡಿಯುತ್ತದೆ. 8,000ದಿಂದ 15,000ಕ್ಕೆ ಹೊಸ ತಗಡು ಹೊದಿಸಬಹುದು.

ಹೌಸಿಂಗ್ ಸುತ್ತ ಆಯಿಲ್ ಒಸರಿದ್ದರೆ ಸೀಲ್ ಹೋಗಿರುತ್ತದೆ, ಸಾವಿರ ಎರಡು ಸಾವಿರದ ಕೆಲಸ. ಗೇರ್ ಬಾಕ್ಸಿನಿಂದ ಹಿಂದಿನ ಚಕ್ರದ ಕಡೆ ಹೋಗುವ ಪ್ರೊಪೆಲ್ಲರ್ ಶಾಫ್ಟನ್ನು ಕೈಯಲ್ಲಿ ಹಿಡಿದು ಅಲುಗಾಡಿಸಿ. ಟಕ್ ಟಕ್ ಅಂದರೆ ಶಾಫ್ಟಿನ ಕ್ರಾಸ್ ಜಾಯಿಂಟ್ ಸವೆದಿದೆ, 1,000ದಿಂದ 2,000. ಗದ್ದೆಗೆ ಇಳಿದ ಗಾಡಿಯಾದರೆ ಎರೆ ಮಣ್ಣು ಒಣಗಿ ಬ್ರೇಕ್ ಡ್ರಮ್ ಹಿಂದೆ, ಚಕ್ರದ ಬೇರಿಂಗ್ ಸುತ್ತ ಮೆತ್ತಿಕೊಂಡಿರುತ್ತದೆ. ಮಣ್ಣಿನ ಜೊತೆ ನೀರೂ ನುಗ್ಗಿ ಗ್ರೀಸ್ ತೊಳೆದು ಹೋಗಿರುತ್ತದೆ. ಒಂದು ಚಕ್ರದ ಬೇರಿಂಗ್‌ಗೆ 1,500ರಿಂದ 3,000.

ಮೂರನೇ ಹೆಜ್ಜೆ: ಲೋಡ್ ಹಾಕಿ ಓಡಿಸಿ

ಖಾಲಿ ಪಿಕಪ್ ಎಲ್ಲವೂ ಚೆನ್ನಾಗಿಯೇ ಓಡುತ್ತದೆ. ಸಾಧ್ಯವಾದರೆ ಒಂದು ಟನ್ ಲೋಡ್ ಇರುವಾಗಲೇ ಓಡಿಸಿ ನೋಡಿ. ಮಾರುವವರು ದಿನವೂ ಬಾಡಿಗೆ ಹೊಡೆಯುತ್ತಿದ್ದರೆ, "ನಾಳೆ ಒಂದು ಟ್ರಿಪ್ಪಿಗೆ ನಾನೂ ಜೊತೆ ಬರ್ತೀನಿ" ಅಂತ ಕೇಳಿ. ಒಳ್ಳೇ ಗಾಡಿ ಇಟ್ಟುಕೊಂಡವರು ಖಂಡಿತ ಒಪ್ಪುತ್ತಾರೆ.

ಹೊರಡುವ ಮುಂಚೆ ಕ್ಲಚ್ ಪರೀಕ್ಷೆ. ಮುಂದೆ ಹಿಂದೆ ಯಾರೂ ಇಲ್ಲದ ಜಾಗದಲ್ಲಿ ಹ್ಯಾಂಡ್ ಬ್ರೇಕ್ ಎಳೆದು, ಮೂರನೇ ಗೇರ್ ಹಾಕಿ, ನಿಧಾನಕ್ಕೆ ಕ್ಲಚ್ ಬಿಡಿ. ಎಂಜಿನ್ ತಕ್ಷಣ ಆಫ್ ಆದರೆ ಕ್ಲಚ್ ಹಿಡಿಯುತ್ತಿದೆ. ಎಂಜಿನ್ ಓಡುತ್ತಲೇ ಇದ್ದರೆ ಪ್ಲೇಟ್ ಸವೆದಿದೆ. ಒಂದೇ ಸಲ ಮಾಡಿ ಸಾಕು, ಪದೇ ಪದೇ ಮಾಡಿದರೆ ಚೆನ್ನಾಗಿರುವ ಕ್ಲಚ್ಚೂ ಸುಡುತ್ತದೆ. ಓವರ್‌ಲೋಡ್ ಗಾಡಿಗಳಲ್ಲಿ ಮೊದಲು ಕೈ ಕೊಡುವುದೇ ಇದು. ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್ ಮೂರೂ ಸೇರಿ ಟಾಟಾ ಏಸ್‌ಗೆ 5,000ದಿಂದ 7,000, ಬೊಲೆರೊ ಪಿಕಪ್ ಅಥವಾ ಅಶೋಕ್ ಲೇಲ್ಯಾಂಡ್ ದೋಸ್ತ್‌ಗೆ 8,000ದಿಂದ 13,000. ಬರೀ ಪ್ಲೇಟ್ ಹಾಕಿಸಿ ದುಡ್ಡು ಉಳಿಸಲು ಹೋಗಬೇಡಿ. ಗೇರ್ ಬಾಕ್ಸ್ ಇಳಿಸುವ ಕೂಲಿಯನ್ನು ಎರಡು ಸಲ ಕೊಡಬೇಕಾಗುತ್ತದೆ.

ರಸ್ತೆಯಲ್ಲಿ ಎರಡನೇ ಗೇರಿನಿಂದ ಮೂರಕ್ಕೆ, ಮತ್ತೆ ಮೂರರಿಂದ ಎರಡಕ್ಕೆ ಹಾಕಿ ನೋಡಿ. ಕರಕರ ಅಂದರೆ, ಆಕ್ಸಲರೇಟರ್ ಬಿಟ್ಟ ತಕ್ಷಣ ಗೇರ್ ತಾನಾಗೇ ನ್ಯೂಟ್ರಲ್‌ಗೆ ಬಿದ್ದರೆ, ಗೇರ್ ಬಾಕ್ಸ್ ಬಿಚ್ಚಬೇಕು. 10,000ದಿಂದ 25,000 ಹಿಡಿದುಕೊಳ್ಳಿ. 50 ಸ್ಪೀಡಿನಲ್ಲಿ ಹಿಂದಿನಿಂದ ಗುಂಯ್ ಅಂತ ಸದ್ದು ಬಂದು, ಆಕ್ಸಲರೇಟರ್ ಬಿಟ್ಟಾಗ ಆ ಸದ್ದು ಬದಲಾದರೆ ಹೌಸಿಂಗ್ ಒಳಗಿನ ಗೇರ್, ಅಂದರೆ ಕ್ರೌನ್ ಪಿನಿಯನ್ ಸವೆದಿದೆ, 15,000ದಿಂದ 25,000.

ಬ್ರೇಕ್ ಹಿಡಿದಾಗ ಗಾಡಿ ಒಂದು ಕಡೆಗೆ ಎಳೆಯಬಾರದು. ಶೂ, ಪ್ಯಾಡ್, ವೀಲ್ ಸಿಲಿಂಡರ್ ಎಲ್ಲ ಮಾಡಿಸಿದರೆ 4,000ದಿಂದ 8,000. ಸ್ಟೇರಿಂಗ್ ನಡುಗಿದರೆ ಮುಂದಿನ ಚಕ್ರ ಎತ್ತಿಸಿ ಮೇಲೆ ಕೆಳಗೆ ಹಿಡಿದು ಅಲುಗಿಸಿ. ಆಟ ಇದ್ದರೆ ಮಾಡೆಲ್ ನೋಡಿಕೊಂಡು ಕಿಂಗ್ ಪಿನ್ ಅಥವಾ ಬಾಲ್ ಜಾಯಿಂಟ್ ಕೆಲಸ, 3,000ದಿಂದ 7,000.

ಟೈರಿನ ಮೇಲೆ ಕೊನೆಯ ನಾಲ್ಕು ಅಂಕಿ ಓದಿ. 2321 ಅಂದರೆ 2021ರ 23ನೇ ವಾರದಲ್ಲಿ ತಯಾರಾದದ್ದು. ಮುಂದಿನ ಟೈರ್ ಒಂದೇ ಅಂಚಿನಲ್ಲಿ ಸವೆದಿದ್ದರೆ ಅಲೈನ್‌ಮೆಂಟ್ ಅಥವಾ ಆಕ್ಸಲ್ ಬಾಗಿರುವ ಸಮಸ್ಯೆ. ಹೊಸ ಟೈರ್ ಏಸ್‌ಗೆ ಒಂದಕ್ಕೆ 3,500 ಆಸುಪಾಸು, ಬೊಲೆರೊ ಪಿಕಪ್‌ಗೆ 7,000ದಿಂದ 9,000. ಬ್ಯಾಟರಿ 5,000ದಿಂದ 7,000, ಸೆಲ್ಫ್ ರಿಪೇರಿ 2,000ದಿಂದ 4,000, ಡೈನಮೋ ರಿಪೇರಿಯೂ ಹೆಚ್ಚುಕಡಿಮೆ ಅಷ್ಟೇ.

ಚೌಕಾಶಿ ಕಾಗದ ನೋಡಿಕೊಂಡು ಮಾಡಿ

ಉದಾಹರಣೆಗೆ 4,20,000 ಹೇಳಿದ ಗಾಡಿ ಅಂತ ಇಟ್ಟುಕೊಳ್ಳಿ. ಕ್ಲಚ್ 10,000, ಎರಡು ಟೈರ್ 16,000, ಎರಡು ಇಂಜೆಕ್ಟರ್ ರಿಪೇರಿ 8,000, ಮೇನ್ ಪಟ್ಟಿ ಎರಡೂ ಕಡೆ 6,000, ಬ್ರೇಕ್ 5,000. ಒಟ್ಟು 45,000. ಇದರ ಮೇಲೆ ಕೆಲಸ ಮುಗಿಯುವ ತನಕ ಗಾಡಿ ನಿಲ್ಲುವ ದಿನಗಳ ಬಾಡಿಗೆಯೂ ಹೋಗುತ್ತದೆ. ಮಾರುವವರ ಮುಂದೆ "ರೇಟ್ ಜಾಸ್ತಿ ಆಯ್ತು" ಅಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. "ಅಣ್ಣಾ, ಕ್ಲಚ್ ಜಾರ್ತಿದೆ, ನೀವೇ ನೋಡಿದ್ರಿ. ಇಷ್ಟು ಕೆಲಸ ಇದೆ" ಅಂತ ಕಾಗದ ಮುಂದಿಟ್ಟರೆ ಅವರೂ ಲೆಕ್ಕಕ್ಕೆ ಬರುತ್ತಾರೆ. ಮಾರುವವರೂ ನಮ್ಮ ಹಾಗೆ ದುಡಿದು ತಿನ್ನುವವರು. ಸುಳ್ಳು ದೋಷ ಹೇಳಿ ರೇಟ್ ಇಳಿಸುವುದು ಸರಿಯಲ್ಲ, ಇರುವ ದೋಷ ಬಿಟ್ಟುಕೊಡುವ ಅಗತ್ಯವೂ ಇಲ್ಲ.

ಪರಿಚಯದ ಮೆಕ್ಯಾನಿಕ್ ಕರೆದುಕೊಂಡು ಹೋದರೆ ಅವರ ಕೂಲಿ ನೀವೇ ಕೊಡಿ. ಮಾರುವವರಿಂದಲೋ ಬ್ರೋಕರಿನಿಂದಲೋ ಕಮಿಷನ್ ತೆಗೆದುಕೊಳ್ಳುವ ಮೆಕ್ಯಾನಿಕ್ ನಿಮ್ಮ ಪರವಾಗಿ ನೋಡುವುದು ಕಷ್ಟ.

ಅಡ್ವಾನ್ಸ್ ಕೊಡುವ ಮುಂಚೆ ಕಾಗದ ಪತ್ರ

ಚಾಸಿಸ್ ನಂಬರ್ ಕೂತಿರುವ ಜಾಗ ತೊಳೆದು, ಆರ್‌ಸಿ ಜೊತೆ ಒಂದೊಂದೇ ಅಕ್ಷರ ಹೋಲಿಸಿ. ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್‌ನಿಂದ ಉಜ್ಜಿದರೆ ಅಚ್ಚು ಮೂಡುತ್ತದೆ. ಒಂದು ಅಕ್ಷರ ಮಾತ್ರ ಬೇರೆ ಸೈಜಿನಲ್ಲಿದ್ದರೆ, ಸಾಲು ಸೊಟ್ಟಗಿದ್ದರೆ ಆ ವ್ಯವಹಾರ ಬಿಟ್ಟುಬಿಡಿ. ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ ಎಫ್‌ಸಿ (ಗಾಡಿ ಓಡಲು ಯೋಗ್ಯ ಅನ್ನುವ ಸರ್ಟಿಫಿಕೇಟ್), ಇನ್ಶೂರೆನ್ಸ್, ಚಲನ್ ನೋಡಿ. ಫೈನಾನ್ಸ್ ಇದ್ದರೆ ಅವರ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಮತ್ತು ಆರ್‌ಸಿಯಿಂದ ಸಾಲದ ಹೆಸರು ತೆಗೆಸುವ ಫಾರಂ 35 ಕೈಗೆ ಬರುವ ತನಕ ಪೂರ್ತಿ ದುಡ್ಡು ಕೊಡಬೇಡಿ. ಹೆಸರು ವರ್ಗಾವಣೆಗೆ ಫಾರಂ 29 ಮತ್ತು 30 ಬೇಕು.

ಸರಕು ಗಾಡಿಗೆ ಮೊದಲ 8 ವರ್ಷ ಎರಡು ವರ್ಷಕ್ಕೊಮ್ಮೆ ಎಫ್‌ಸಿ, ಆಮೇಲೆ ಪ್ರತಿ ವರ್ಷ. 7 ವರ್ಷದ ಗಾಡಿ ಕೊಳ್ಳುವವರು ಈ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು. ಗಾಡಿ ಮತ್ತು ಲೋಡ್ ಸೇರಿದ ಒಟ್ಟು ತೂಕ 3,000 ಕೆಜಿ ಒಳಗಿದ್ದರೆ ಪರ್ಮಿಟ್ ಬೇಕಿಲ್ಲ, ಅದಕ್ಕಿಂತ ಜಾಸ್ತಿ ಇದ್ದರೆ ಬೇಕು. ಆರ್‌ಸಿಯಲ್ಲೇ ಆ ತೂಕ ಬರೆದಿರುತ್ತದೆ.

ಕೆಎ 34 ಬಳ್ಳಾರಿ, 36 ರಾಯಚೂರು, 37 ಕೊಪ್ಪಳ. ನಮ್ಮ ಗಡಿಯಲ್ಲಿ ಆಂಧ್ರ, ತೆಲಂಗಾಣ ನಂಬರಿನ ಗಾಡಿಗಳೂ ಕಮ್ಮಿ ರೇಟಿಗೆ ಸಿಗುತ್ತವೆ. ಅವಕ್ಕೆ ಅಲ್ಲಿನ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ ತರಬೇಕು, ಇಲ್ಲಿ ಹೊಸ ನಂಬರ್ ಮಾಡಿಸಬೇಕು, ನಮ್ಮ ರಾಜ್ಯದ ಟ್ಯಾಕ್ಸ್ ಕಟ್ಟಬೇಕು. ಗಾಡಿ ನೋಡುವ ಮುಂಚೆಯೇ ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಆ ಟ್ಯಾಕ್ಸ್ ಎಷ್ಟು ಅಂತ ಕೇಳಿಕೊಳ್ಳಿ. ಎಷ್ಟೋ ಸಲ ಅಲ್ಲಿ ಉಳಿದದ್ದು ಇಲ್ಲಿ ಹೋಗುತ್ತದೆ. ಇನ್ಶೂರೆನ್ಸನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ.

ಗಾಡಿ ಮನೆಗೆ ಬಂದ ಮೇಲೆ

ಬಾಡಿಗೆ ಹೊಡೆಯುವ ಮುಂಚೆ ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್ ಎಲ್ಲ ಬದಲಿಸಿ. ಮಾರುವವರು ಮೊನ್ನೆ ತಾನೇ ಹಾಕಿಸಿದ್ದೇವೆ ಅಂದರೂ ಬದಲಿಸಿ. 4,000ದಿಂದ 6,000 ಆಗುತ್ತದೆ. ಗೇರ್ ಬಾಕ್ಸ್, ಹೌಸಿಂಗ್ ಆಯಿಲ್‌ಗೆ ಇನ್ನೊಂದು 2,000. ರೇಡಿಯೇಟರ್ ತೊಳೆದು ಕೂಲೆಂಟ್ ತುಂಬಿಸಿ, ಬೋರ್ ನೀರು ಮುಟ್ಟಿಸಬೇಡಿ. ಫ್ಯಾನ್ ಬೆಲ್ಟ್ ಬಿರುಕು ಬಿಟ್ಟಿದ್ದರೆ ಅದೂ ಹೊಸದಾಗಲಿ. ಎಲ್ಲ ನಿಪ್ಪಲ್‌ಗಳಿಗೆ ಗ್ರೀಸ್ ಹೊಡೆಸಿ, ಗದ್ದೆ ಕೆಲಸದ ದಿನಗಳಲ್ಲಿ ವಾರಕ್ಕೊಂದು ಸಲ ಹೊಡೆಸಿ.

ಲೋಡಿನ ವಿಷಯದಲ್ಲಿ ಮಿಲ್ಲಿನವರು, ವ್ಯಾಪಾರಿಗಳು ಒತ್ತಾಯ ಮಾಡುತ್ತಾರೆ, ಗೊತ್ತು. "ಇನ್ನೊಂದೈದು ಚೀಲ ಹಾಕ್ಕೋ ತಮ್ಮಾ" ಅನ್ನುತ್ತಾರೆ. ಮೋಟಾರು ವಾಹನ ಕಾಯ್ದೆಯ 194ನೇ ಕಲಂಗೆ 2019ರಲ್ಲಿ ತಿದ್ದುಪಡಿ ಬಂದ ಮೇಲೆ ಓವರ್‌ಲೋಡ್ ದಂಡ 20,000 ರೂಪಾಯಿ, ಜೊತೆಗೆ ಹೆಚ್ಚುವರಿ ಪ್ರತಿ ಟನ್ನಿಗೆ 2,000. ಆ ಐದು ಚೀಲದ ಬಾಡಿಗೆ ಎಷ್ಟು ಬರುತ್ತದೆ ಅಂತ ಅಲ್ಲೇ ಕೇಳಿ, ಕ್ಲಚ್ ಪ್ಲೇಟಿನ ರೇಟನ್ನೂ ಅವರಿಗೆ ಹೇಳಿ.